ಗ್ರಿಲ್ ಬಿಟ್ಟು ಬಾಗಿಲು ನೋಡಿ: ರಸ್ತೆಯಲ್ಲಿ ಹಳೇ ಕಾರು ಗುರುತಿಸುವ ಬಗೆ

ಎದುರಿನಿಂದ ಬರುವ ಹಳೇ ಕಾರು ಕಣ್ಣಿಗೆ ಸಿಗುವುದು ಕೆಲವೇ ಸೆಕೆಂಡು. ಅಷ್ಟರಲ್ಲಿ ಹೆಚ್ಚಿನವರು ನೋಡುವುದು ಗ್ರಿಲ್, ಬ್ಯಾಡ್ಜ್, ನಂಬರ್ ಪ್ಲೇಟ್. ಮೂರನ್ನೂ ನಂಬುವ ಹಾಗಿಲ್ಲ. ಸ್ಕ್ರೂಡ್ರೈವರ್ ಇದ್ದವರು ಯಾರಾದರೂ ಬದಲಾಯಿಸಬಹುದು. ನಾನು ನೋಡುವುದು ಟಿಂಕರಿಂಗ್‌ನವರೂ ಸುಲಭಕ್ಕೆ ಕೈಹಾಕದ ಜಾಗಗಳನ್ನು: ಬಾಗಿಲಿನ ಕೀಲು, ಗೇರ್ ಲಿವರ್ ಇರುವ ಜಾಗ, ಹಿಂದಿನ ಚಕ್ರ ನಿಂತ ರೀತಿ.

ಫಿಯಟ್ಟನ್ನೇ ತೆಗೆದುಕೊಳ್ಳಿ. 1950ರ ದಶಕದ ಫಿಯಟ್ 1100ಕ್ಕೆ ಮುಂದಿನ, ಹಿಂದಿನ ಎರಡೂ ಬಾಗಿಲಿನ ಕೀಲು ಆ ಎರಡರ ನಡುವಿನ ಕಂಬದಲ್ಲೇ ಇರುತ್ತದೆ. ಹಾಗಾಗಿ ಮುಂಬಾಗಿಲು ಹಿಮ್ಮುಖವಾಗಿ ತೆರೆಯುತ್ತದೆ, ಹ್ಯಾಂಡಲ್ಲುಗಳು ಎರಡು ತುದಿಗೆ ದೂರ ದೂರ ಕಾಣುತ್ತವೆ. ಕಾರು ಓಡುತ್ತಿದ್ದರೂ ಇದು ಗೊತ್ತಾಗುತ್ತದೆ. 1964ರ ಫಿಯಟ್ 1100 ಡಿಲೈಟ್‌ನಲ್ಲಿ ಮುಂಬಾಗಿಲ ಕೀಲು ಮುಂದಿದೆ; ಆಮೇಲಿನ ಪ್ರೀಮಿಯರ್ ಪದ್ಮಿನಿಯಲ್ಲೂ ಹಾಗೇ. ಡಿಲೈಟ್‌ಗೂ ಪದ್ಮಿನಿಗೂ ಬಾಡಿ ಹೆಚ್ಚುಕಡಿಮೆ ಒಂದೇ, 1089 ಸಿಸಿ ಎಂಜಿನ್ನೂ ಒಂದೇ. ಪದ್ಮಿನಿಗೆ ಹಳೇ ಗ್ರಿಲ್ ಹಾಕಿ ಡಿಲೈಟ್ ಎನ್ನುವವರು ಬೇಕಾದಷ್ಟು ಜನ ಇದ್ದಾರೆ. ಇವೆರಡರ ವಿಷಯದಲ್ಲಿ ಆರ್‌ಸಿಯಲ್ಲಿನ ತಯಾರಿಕೆ ವರ್ಷ ನೋಡದೆ ತೀರ್ಮಾನ ಹೇಳಬೇಡಿ.

ಅಂಬಾಸಿಡರ್‌ದೂ ಇದೇ ಗೋಳು. ಮದುವೆ ಬಾಡಿಗೆಗೆ ಓಡುವ ಗಾಡಿಗೆ ಹಳೇ ಮಾದರಿಯಾದ ಮಾರ್ಕ್ 2ರ ಸಣ್ಣ ಚೌಕುಳಿ ಗ್ರಿಲ್ ಕೂರಿಸಿರುತ್ತಾರೆ. ಮುಂದಿನ ಗಾಜಿನಿಂದ ಒಳಗೆ ನೋಡಿ: ಸ್ಟೀರಿಂಗ್ ಕೆಳಗೆ ಹ್ಯಾಂಡ್ ಗೇರ್ ಇದ್ದರೆ ಪರಿಶೀಲನೆ ಮುಂದುವರಿಸಬಹುದು. ಫ್ಲೋರ್ ಗೇರ್ ಇದ್ದರೆ ಅದು ಬಹುತೇಕ 1990ರ ದಶಕದ 1800 ಐಎಸ್‌ಝಡ್ ಅಥವಾ ಅದರ ನಂತರದ್ದು. ಮಾರ್ಕ್ 1 ಆದರೆ ಬಾನೆಟ್ ಮೇಲೆ ಉದ್ದಕ್ಕೂ ತಗ್ಗುಗೆರೆಗಳಿರಬೇಕು.

ಸ್ಟ್ಯಾಂಡರ್ಡ್ ಹೆರಾಲ್ಡ್ ಗುರುತಿಸಲು ಹಿಂದಿನಿಂದ ನೋಡುವುದೇ ಸರಿ. ಅದರ ಹಿಂದಿನ ಆಕ್ಸಲ್ ಎರಡು ತುಂಡು, ಅಡ್ಡಕ್ಕೆ ಒಂದೇ ಪಟ್ಟಿ ಸ್ಪ್ರಿಂಗ್. ಡ್ರೈವರ್ ಒಬ್ಬನೇ ಇದ್ದಾಗ ಚಕ್ರದ ಬುಡ ಒಳಗೆ ಸರಿದಿರುತ್ತದೆ. ನಾಲ್ಕು ಜನ ಕೂತರೆ ಬುಡ ಹೊರಗೆ ಚಾಚುತ್ತದೆ. ಅದೇ ಕಂಪನಿಯಿಂದ ನಂತರ ಬಂದ ಗೆಜೆಲ್‌ನಲ್ಲಿ ಗಟ್ಟಿ ಆಕ್ಸಲ್, ಚಕ್ರ ನೆಟ್ಟಗೆ ನಿಲ್ಲುತ್ತದೆ.

ಬೆಂಗಳೂರಿನಲ್ಲೇ ತಯಾರಾದ ಸಿಪಾನಿ ಡಾಲ್ಫಿನ್ ಇವೆಲ್ಲಕ್ಕಿಂತ ಅಪರೂಪ, ಆದರೆ ಅದನ್ನು ಗಮನಿಸುವವರೇ ಕಡಿಮೆ. ಇಂಗ್ಲೆಂಡಿನ ರಿಲಯಂಟ್ ಕಿಟನ್ ಆಧಾರದ ಎರಡು ಬಾಗಿಲ ಗಾಡಿ, ಬಾಡಿ ಫೈಬರ್. ಚಕ್ರದ ಕಮಾನಿನಲ್ಲಿ ತುಕ್ಕಿನ ಗುಳ್ಳೆ ಏಳುವುದಿಲ್ಲ. ಬದಲಿಗೆ ಪೇಂಟಿನಲ್ಲಿ ಜೇಡರಬಲೆಯಂಥ ಸಣ್ಣ ಬಿರುಕು.

ನಂಬರ್ ವಿಷಯ. ಕೆಎ ಸರಣಿ ಬಂದದ್ದು 1989ರಲ್ಲಿ. ಅದಕ್ಕೆ ಮುಂಚೆ ಇಲ್ಲಿ ಎಂವೈ, ಎಂಇ, ಸಿಎಯಿಂದ ಶುರುವಾಗುವ ಮೂರಕ್ಷರದ ನಂಬರುಗಳಿದ್ದವು. ಹೊರರಾಜ್ಯದಿಂದ ತಂದ 1960ರ ಗಾಡಿಗೂ ಹೊಸ ಕೆಎ ನಂಬರ್ ಸಿಗುವುದರಿಂದ, ಹೊಸ ನಂಬರ್ ಕಂಡು ಮುಖ ತಿರುಗಿಸಬೇಡಿ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಗಳಿಗೆ 2021ರ ನಿಯಮದಂತೆ ‘ವಿಎ’ ಅಕ್ಷರವಿರುವ ನಂಬರ್ ಕೊಡಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಆ ಗಾಡಿಗಳನ್ನು ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿಯಂಥ ಕೆಲಸಗಳಿಗೆ ಮಾತ್ರ ರಸ್ತೆಗಿಳಿಸಬಹುದು, ದಿನಬಳಕೆಗಲ್ಲ.

ಹುಡುಕಲು ಒಳ್ಳೇ ಹೊತ್ತು ಭಾನುವಾರ ಬೆಳಿಗ್ಗೆ 6ರಿಂದ 9. ಬಿಸಿಲೇರಿದ ಮೇಲೆ ಟ್ರಾಫಿಕ್ಕಿನಲ್ಲಿ ಸಿಕ್ಕರೆ ಎಂಜಿನ್ ಪಕ್ಕದ ಪಂಪು, ಪೈಪಿನಲ್ಲೇ ಪೆಟ್ರೋಲ್ ಆವಿಯಾಗಿ ಗಾಡಿ ನಿಂತುಬಿಡುತ್ತದೆ. ಆದ್ದರಿಂದ ಬಲ್ಲವರು ಬೇಗ ಹೊರಟು ಬೇಗ ಮನೆ ಸೇರುತ್ತಾರೆ. ಇನ್ನೊಂದು ದಿನ ಆಯುಧಪೂಜೆ. ವರ್ಷವಿಡೀ ಟಾರ್ಪಾಲಿನಡಿ ಕೂತ ಗಾಡಿಗಳು ಅವತ್ತು ತೊಳೆಸಿಕೊಂಡು, ನಿಂಬೆಹಣ್ಣು ತುಳಿಯಲು ಗೇಟಿನಾಚೆ ಬರುತ್ತವೆ. ಬಸವನಗುಡಿ, ಮಲ್ಲೇಶ್ವರದ ಒಳರಸ್ತೆಗಳಲ್ಲಿ ಸುಮ್ಮನೆ ನಡೆದರೆ ಸಾಕು.

ಫೋಟೋಗೆ ಎರಡೇ ಮಾತು. ಬಿಸಿಲು ನಿಮ್ಮ ಬೆನ್ನಿಗಿರಲಿ, ಮೂತಿಯೂ ಒಂದು ಪಕ್ಕವೂ ಕಾಣುವ ಕೋನದಿಂದ ತೆಗೆಯಿರಿ. ಓಡುವ ಗಾಡಿಗೆ ಶಟರ್ 1/125ರ ಆಸುಪಾಸು ಇಟ್ಟು ಕ್ಯಾಮೆರಾವನ್ನು ಅದರ ಜೊತೆಗೇ ತಿರುಗಿಸಿ. ಬೈಕ್ ಓಡಿಸುತ್ತಾ ತೆಗೆಯಬೇಡಿ, ಹಿಂದೆ ಕೂತವರಿಗೆ ಕೊಡಿ. ಹಂಚುವ ಮುನ್ನ ನಂಬರ್ ಅಳಿಸಿ. ಮಾಲೀಕರು ಮಾತಿಗೆ ಸಿಕ್ಕರೆ ಬೆಲೆ ಕೇಳುವ ಬದಲು ಬಾನೆಟ್ ತೆರೆಯುತ್ತೀರಾ ಎಂದು ಕೇಳಿ: ಒಳಗಿನ ಚಾಸಿಸ್ ಪ್ಲೇಟಿನ ನಂಬರೂ ಆರ್‌ಸಿಯ ನಂಬರೂ ಹೊಂದಿದರೆ ಮಾತ್ರ ನನ್ನ ಪಟ್ಟಿಯಲ್ಲಿ ಆ ಕಾರಿನ ಮುಂದೆ ವರ್ಷ ಬರೆಯುತ್ತೇನೆ.