ರಿವ್ಯೂನಲ್ಲಿ ಸಿಕ್ಕಿಬಿದ್ದ 276

ಡಿಸೈನ್ ಪ್ರಾಜೆಕ್ಟ್ ರಿವ್ಯೂನಲ್ಲಿ ಗೈಡ್ ಕೇಳಿದ್ದು ಒಂದೇ ಮಾತು: 'ಈ 276 ಎಲ್ಲಿಂದ ಬಂತು?' ನಮ್ಮ ಬ್ರಾಕೆಟ್‌ಗೆ 6061 ಅಲ್ಯೂಮಿನಿಯಂ ಆರಿಸಿದ್ದೆವು. ಯೀಲ್ಡ್ ಸ್ಟ್ರೆಂತ್ (ಲೋಹ ಶಾಶ್ವತವಾಗಿ ಬಾಗಲು ಶುರುವಾಗುವ ಸ್ಟ್ರೆಸ್) 276 ಮೆಗಾಪಾಸ್ಕಲ್ ಅಂತ ನೆಟ್‌ನಲ್ಲಿ ಮೊದಲು ಸಿಕ್ಕಿದ್ದನ್ನೇ ಸುಮ್ನೆ ಬರೆದಿದ್ದೆ. ಬಾಯಿ ಕಟ್ಟಿತು.

ಆಮೇಲೆ ಕೂತು ಹುಡುಕಿದರೆ ಇನ್ನೊಂದು ಕಡೆ ಅದೇ 6061ಕ್ಕೆ ಸುಮಾರು 55 ಅಂತ ಇದೆ! ತಮಾಷೆ ಅಂದ್ರೆ ಎರಡೂ ಸರಿ. 276 ಬರುವುದು ಟಿ6 ಹೀಟ್ ಟ್ರೀಟ್‌ಮೆಂಟ್ ಆದ ಮೇಲೆ, 55 ಇರುವುದು ಅನೀಲ್ ಮಾಡಿದ (ಕಾಯಿಸಿ ನಿಧಾನವಾಗಿ ತಣಿಸಿದ) ಮೆದು ಲೋಹಕ್ಕೆ. ಟೆಂಪರ್ (ಲೋಹದ ಹದ) ಯಾವುದು ಅಂತ ನಾನು ಬರೆದೇ ಇರಲಿಲ್ಲ.

ಕೊನೆಗೆ ಲೈಬ್ರರಿಯಲ್ಲಿ ಅಲ್ಯೂಮಿನಿಯಂ ಶೀಟ್‌ಗಳ ಎಎಸ್‌ಟಿಎಂ ಬಿ209 ಸ್ಟ್ಯಾಂಡರ್ಡ್ ತೆಗೆದೆ, ಅಲ್ಲಿ ಟಿ6 ಶೀಟ್‌ಗೆ ಖಾತ್ರಿ ಕೊಡುವ ಕನಿಷ್ಠ ಮಟ್ಟ 240 ಮಾತ್ರ, ಅಂದರೆ ನನ್ನ 276 ಸಾಮಾನ್ಯವಾಗಿ ಸಿಗುವ ಮೌಲ್ಯವೇ ಹೊರತು ನಂಬಿ ಡಿಸೈನ್ ಮಾಡುವಂಥದ್ದಲ್ಲ.

ಪೇಪರ್‌ಗಳ ಕಥೆ ಬೇರೆ. ಗೂಗಲ್ ಸ್ಕಾಲರ್‌ನಲ್ಲಿ ಪೂರ್ತಿ ಪ್ರಶ್ನೆ ಟೈಪ್ ಮಾಡುತ್ತಿದ್ದೆ, ಕಸವೇ ಜಾಸ್ತಿ ಬರುತ್ತಿತ್ತು. ಈಗ ಮೊದಲು ಒಂದು ರಿವ್ಯೂ ಪೇಪರ್ (ಆ ವಿಷಯದ ಹಿಂದಿನ ಸಂಶೋಧನೆಗಳ ಸಾರ) ಹಿಡಿಯುತ್ತೇನೆ, ಅದರ ಕೊನೆಯ ಪಟ್ಟಿಯಿಂದ ಹಳೆಯ ಮೂಲಕ್ಕೆ ಹೋಗುತ್ತೇನೆ, 'ಸೈಟೆಡ್ ಬೈ' ಒತ್ತಿ ಹೊಸದಕ್ಕೆ ಬರುತ್ತೇನೆ. ದುಡ್ಡು ಕೇಳಿದರೆ 'ಆಲ್ ವರ್ಷನ್ಸ್' ನೋಡಿ, ಎಷ್ಟೋ ಸಲ ಲೇಖಕರೇ ಹಾಕಿದ ಪಿಡಿಎಫ್ ಅಲ್ಲೇ ಇರುತ್ತದೆ.

ಬ್ರಾಕೆಟ್‌ನಲ್ಲಿ ಗರಿಷ್ಠ ಸ್ಟ್ರೆಸ್ 120 ಮೆಗಾಪಾಸ್ಕಲ್ ಇತ್ತು. 276ರ ಬದಲು 240 ಹಾಕಿದಾಗ ಫ್ಯಾಕ್ಟರ್ ಆಫ್ ಸೇಫ್ಟಿ (ಸ್ಟ್ರೆಸ್‌ಗಿಂತ ಯೀಲ್ಡ್ ಸ್ಟ್ರೆಂತ್ ಎಷ್ಟು ಪಟ್ಟು ಅನ್ನುವುದು) 2.3ರಿಂದ 2ಕ್ಕೆ ಇಳಿಯಿತು. ಮುಂದಿನ ರಿವ್ಯೂನಲ್ಲಿ ಗೈಡ್ ಅದೇ ಸಾಲಿನ ಮೇಲೆ ಬೆರಳಿಟ್ಟರು, ಪಕ್ಕದಲ್ಲಿದ್ದ ಸ್ಟ್ಯಾಂಡರ್ಡ್ ನಂಬರ್ ಓದಿ ಪುಟ ತಿರುಗಿಸಿದರು.