ಅಲಸಂಡೆಗೆ ಕಪ್ಪು ಹೇನು ಬಂದ್ರೆ ಏನು ಮಾಡೋದು?

ಸುಗ್ಗಿ ಬೆಳೆ ಕೊಯ್ದ ಮೇಲೆ ಗದ್ದೆಗೆ ಅಲಸಂಡೆ ಹಾಕುವವರು ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಕುಂಬಳೆ ಕಡೆ ಬೇಕಾದಷ್ಟು ಜನ ಇದ್ದಾರೆ. ಬಳ್ಳಿ ಹಬ್ಬುವವರೆಗೆ ತೊಂದ್ರೆ ಇಲ್ಲ, ಹೂ ಬಿಡ್ಲಿಕ್ಕೆ ಶುರುವಾಗುವಾಗ ಕುಡಿ, ಹೂವಿನ ತೊಟ್ಟು, ಎಳೆ ಕೋಡು ಎಲ್ಲದಕ್ಕೂ ಕಪ್ಪು ಹೇನು ಮೆತ್ತಿಕೊಳ್ತದೆ.

ಮೊದಲ ಕೆಲಸ ನೋಡೋದು. ಕೊಯ್ಲಿಗೆ ಹೋದಾಗ ಬಳ್ಳಿ ಮೇಲೆ ಇರುವೆ ಸಾಲು ಉಂಟಾ ನೋಡಿ. ಹೇನು ರಸ ಹೀರಿ ಬಿಡುವ ಸಿಹಿ ಅಂಟಿಗೆ ಇರುವೆ ಬರೋದು, ಬಂದದ್ದು ಹೇನನ್ನು ಕಾಯ್ತದೆ ಕೂಡ, ಹೇನು ತಿನ್ನುವ ಗುಲಗಂಜಿ ಹುಳ ಹತ್ತಿರ ಬಂದ್ರೆ ಓಡಿಸ್ತದೆ. ಆ ಕುಡಿ ತಿರುಗಿಸಿದ್ರೆ ಹೊಳೆಯುವ ಕಪ್ಪು ದೊಡ್ಡವು, ಸುತ್ತ ಬೂದಿ ಬಣ್ಣದ ಮರಿಗಳು, ನಡುವೆ ಕಳಚಿದ ಬಿಳಿ ಪೊರೆ ಕಾಣ್ತದೆ. ಇದಕ್ಕೆ ಗಂಡೂ ಬೇಡ ಮೊಟ್ಟೆಯೂ ಬೇಡ, ನೇರ ಮರಿ ಹಾಕ್ತದೆ, ಸೆಕೆಗೆ ಹೆಚ್ಚುಕಮ್ಮಿ ಒಂದು ವಾರದಲ್ಲಿ ಆ ಮರಿಯೂ ಮರಿ ಹಾಕುವಷ್ಟಾಗ್ತದೆ, ನಾಳೆ ನೋಡುವ ಅಂತ ಬಿಟ್ರೆ ಕೈ ಮೀರುವುದು ಅದಕ್ಕೇ.

ಒಂದೆರಡು ಕುಡಿಯಲ್ಲಿ ಮಾತ್ರ ಇದ್ರೆ ಚಿವುಟಿ ಸಾಬೂನು ನೀರಿಗೆ ಹಾಕಿ. ಜಾಸ್ತಿ ಇದ್ರೆ ಬೆಳಿಗ್ಗೆ ಪೈಪ್‌ನಲ್ಲಿ ಜೋರಾಗಿ ನೀರು ಹೊಡೀರಿ. ಯೂರಿಯಾ ಹಾಕ್ತಾ ಇದ್ರೆ ನಿಲ್ಲಿಸಿ, ಸೊಕ್ಕಿದ ಎಳೆ ಕುಡಿ ಅಂದ್ರೆ ಹೇನಿಗೆ ಇಷ್ಟ.

ಸ್ಪ್ರೇ ಮಾಡುವ ಮೊದಲು ಇನ್ನೊಂದ್ಸಲ ಎಲೆಯಡಿ ನೋಡಿ. ಕಪ್ಪು ಮೈ, ಕಿತ್ತಳೆ ಮಚ್ಚೆ, ಮೊಸಳೆ ಮರಿ ಹಾಗೆ ಕಾಣುವ ಹುಳ ಇದ್ರೆ ಅದು ಗುಲಗಂಜಿ ಹುಳದ್ದೇ ಮರಿ, ದಿನಕ್ಕೆ ಎಷ್ಟೋ ಹೇನು ತಿಂತದೆ, ಅದನ್ನೇ ಕೀಟ ಅಂತ ಹೊಸಕಿ ಹಾಕುವವರು ತುಂಬ ಜನ, ದಯವಿಟ್ಟು ಬೇಡ. ಉಬ್ಬಿ ಕಂದಾಗಿ ಅಲುಗಾಡದೆ ಕೂತ ಹೇನಿನೊಳಗೆ ಪುಟ್ಟ ಕಣಜದ ಮರಿ ಉಂಟು, ಅದನ್ನೂ ಬಿಟ್ಟುಬಿಡಿ.

ಆದ್ರೂ ಹತೋಟಿಗೆ ಬರ್ಲಿಲ್ಲ ಅಂದ್ರೆ ಬೇವಿನೆಣ್ಣೆ. ಒಂದು ಲೀಟರ್ ನೀರಿಗೆ 20 ಎಂಎಲ್ ಎಣ್ಣೆ, 5 ಗ್ರಾಂ ಬಾರ್ ಸೋಪು, 20 ಗ್ರಾಂ ಬೆಳ್ಳುಳ್ಳಿ. ಸೋಪನ್ನು ಸ್ವಲ್ಪ ಬಿಸಿ ನೀರಲ್ಲಿ ಪೂರ್ತಿ ಕರಗಿಸಿ, ಎಣ್ಣೆಯನ್ನು ನಿಧಾನ ಹೊಯ್ಯುತ್ತಾ ಹಾಲಿನ ಹಾಗೆ ಬೆಳ್ಳಗಾಗುವವರೆಗೆ ಕಲಸಿ, ಅರೆದು ಸೋಸಿದ ಬೆಳ್ಳುಳ್ಳಿ ರಸ ಸೇರಿಸಿ, ಉಳಿದ ನೀರು ಹಾಕಿ. ಎಣ್ಣೆ ಮೇಲೆ ತೇಲಿದ್ರೆ ಎಲೆ ಸುಡ್ತದೆ, ಹಾಗಾಗಿ ಕಲಸೋದ್ರಲ್ಲಿ ಅರ್ಜೆಂಟ್ ಬೇಡ. ಸಂಜೆ, ಎಲೆಯಡಿಗೆ ತಾಗುವ ಹಾಗೆ ಹೊಡೀಬೇಕು, ಮಾಡಿದ್ದನ್ನು ಅವತ್ತೇ ಮುಗಿಸಿ. ಹೇನಿಗೆ ರೋಗ ತರಿಸುವ ಲೆಕಾನಿಸಿಲಿಯಂ ಅನ್ನುವ ಶಿಲೀಂಧ್ರದ ಪುಡಿಯೂ ಉಂಟು, ಕೃಷಿ ಭವನದಲ್ಲಿ ವಿಚಾರಿಸಿ.

ಕೆಮಿಕಲ್ ನಾನು ಹೇಳೋದಿಲ್ಲ. ಹೊಡೆದ ಮೇಲೆ ಇಷ್ಟು ದಿನ ಕೊಯ್ಯಬಾರದು ಅಂತ ಡಬ್ಬಿಯಲ್ಲೇ ಬರ್ದಿರ್ತದೆ, ದಿನ ಬಿಟ್ಟು ದಿನ ಕೊಯ್ಯುವ ಅಲಸಂಡೆಯಲ್ಲಿ ಅದನ್ನು ಪಾಲಿಸೋದು ಹೇಗೆ? ಗೇರು ತೋಟಕ್ಕೆ ಹೆಲಿಕಾಪ್ಟರ್‌ನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದನ್ನು ಕಂಡ ಊರು ಇದು, 2011ರಲ್ಲಿ ಸುಪ್ರೀಂ ಕೋರ್ಟ್ ಆ ಕೀಟನಾಶಕವನ್ನೇ ದೇಶದಲ್ಲಿ ನಿಷೇಧಿಸಿದ್ರೂ ಇಲ್ಲಿನ ಎಣ್ಮಕಜೆ ಪಂಚಾಯತಿನ ಮನೆಗಳಲ್ಲಿ ನೋವು ಇನ್ನೂ ಮುಗಿದಿಲ್ಲ.

ಮತ್ತೆ ಎಲೆ ಹಳದಿ ಹಸಿರು ಕಲೆಕಲೆಯಾಗಿ ಮುದುಡಿದ್ರೆ ಅದು ಹೇನು ತಂದ ಮೊಸಾಯಿಕ್ ವೈರಸ್, ಅದಕ್ಕೆ ಮದ್ದಿಲ್ಲ, ಬಳ್ಳಿಯನ್ನೇ ಕಿತ್ತು ಸುಡಬೇಕು. ಅಂಥ ಬಳ್ಳಿಯ ಕೋಡು ಎಷ್ಟೇ ಉದ್ದ ಇದ್ರೂ ಬೀಜಕ್ಕೆ ಇಡಬೇಡಿ, ವೈರಸ್ ಬೀಜದಲ್ಲೇ ಮುಂದಿನ ವರ್ಷಕ್ಕೆ ಹೋಗ್ತದೆ.