ಬೀಟ್‌ರೂಟ್ ಬಿಟ್ಟು ಲಿಪ್‌ಸ್ಟಿಕ್: ಮನೆಯಲ್ಲಿ ನಾನು ಮಾಡುವ ಬಗೆ

ಮನೆ ಲಿಪ್‌ಸ್ಟಿಕ್ ಅಂದ ಕೂಡಲೇ ಎಲ್ಲರ ಕೈ ಬೀಟ್‌ರೂಟಿನ ಕಡೆ ಹೋಗುತ್ತದೆ. ನಾನು ಅದನ್ನು ಬಳಸುವುದಿಲ್ಲ. ಬೀಟ್‌ರೂಟಿನ ಕೆಂಪು, ಅಂದರೆ ಬೆಟಾನಿನ್, ನೀರಿನಲ್ಲಿ ಕರಗುವ ಬಣ್ಣ. ಲಿಪ್‌ಸ್ಟಿಕ್‌ನಲ್ಲಿ ಇರುವುದೆಲ್ಲ ಎಣ್ಣೆ ಮತ್ತು ಮೇಣ. ರಸ ಹಾಕಿ ಕಲಕಿದರೆ ಬಿಸಿಯಲ್ಲಿ ಬೆರೆತ ಹಾಗೆ ಕಾಣುತ್ತದೆ, ಆರುತ್ತಾ ಬಂದಂತೆ ಕೆಂಪು ನೀರು ಹನಿಹನಿಯಾಗಿ ತಳಕ್ಕೆ ಇಳಿಯುತ್ತದೆ, ಆ ನೀರಿಗೆ ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ. ಒಣಗಿಸಿದ ಪುಡಿ ಹಾಕಿದರೆ ಬೂಷ್ಟಿನ ಕಾಟ ಕಡಿಮೆ, ಆದರೆ ಪುಡಿ ಎಣ್ಣೆಯಲ್ಲಿ ಕರಗದೆ ತರಿತರಿಯಾಗಿ ಉಳಿಯುತ್ತದೆ, ಬಿಸಿ ಹೆಚ್ಚಾದರೆ ಕಂದುಬಣ್ಣಕ್ಕೆ ತಿರುಗುತ್ತದೆ. ದಾಸವಾಳ, ಗುಲಾಬಿ ದಳಗಳ ಹಣೆಬರಹವೂ ಇದೇ. ಬೀಟ್‌ರೂಟೇ ಬೇಕು ಅನ್ನುವವರು ಗಟ್ಟಿಯಾಗಿ ಬತ್ತಿಸಿದ ರಸಕ್ಕೆ ಅದರ ಎರಡರಷ್ಟು ಗ್ಲಿಸರಿನ್ ಬೆರೆಸಿ, ಫ್ರಿಜ್‌ನಲ್ಲಿಟ್ಟು, ವಾರದೊಳಗೆ ತುಟಿಗೆ ಸವರಿಕೊಂಡು ಮುಗಿಸಬಹುದು. ಅದು ಚೆನ್ನಾಗಿಯೇ ಇರುತ್ತದೆ, ಆದರೆ ಕಡ್ಡಿ ಲಿಪ್‌ಸ್ಟಿಕ್ ಅಲ್ಲ.

ಎಣ್ಣೆಯಲ್ಲಿ ಕರಗುವ ಗಿಡಮೂಲದ ಕೆಂಪು ನಮ್ಮ ಕೈಗೆ ಸುಲಭವಾಗಿ ಸಿಗುವುದು ಎರಡೇ. ಒಂದು ರತನ್‌ಜೋತ್ ಬೇರು. ಗ್ರಂಥಿಗೆ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ಕಾಶ್ಮೀರಿ ರೋಗನ್ ಜೋಶ್‌ಗೆ ಕೆಂಪು ಕೊಡುವುದೂ ಇದೇ ಬೇರು. ಇನ್ನೊಂದು ರಂಗಮಾಲೆ ಬೀಜ, ಅನಾಟೊ ಅನ್ನುತ್ತಾರಲ್ಲ, ಅದು; ಈ ಗಿಡಕ್ಕೆ ಲಿಪ್‌ಸ್ಟಿಕ್ ಗಿಡ ಅಂತಲೇ ಹೆಸರಿದೆ. ರತನ್‌ಜೋತ್ ವೈನ್ ಕೆಂಪು, ರಂಗಮಾಲೆ ಕಿತ್ತಳೆ. ಎರಡನ್ನೂ ಬೇರೆಬೇರೆಯಾಗಿ ಎಣ್ಣೆಗೆ ಇಳಿಸಿಟ್ಟುಕೊಂಡರೆ ಬೇಕಾದ ಛಾಯೆಗೆ ಬೆರೆಸಿಕೊಳ್ಳಬಹುದು.

ಎಣ್ಣೆ ಯಾವುದು ಅನ್ನುವುದರಲ್ಲಿ ನನಗೆ ಅನುಮಾನವೇ ಇಲ್ಲ: ಹರಳೆಣ್ಣೆ. ಅದರಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಪಾಲು ರಿಸಿನೋಲಿಕ್ ಆಮ್ಲ ಎಂಬ ಕೊಬ್ಬಿನಾಮ್ಲ. ಹೀಗಾಗಿ ಅದು ಗಟ್ಟಿ, ಹೊಳಪಿನ ಎಣ್ಣೆ, ಬಣ್ಣದ ಪುಡಿಯನ್ನು ಚೆನ್ನಾಗಿ ನೆನೆಸುತ್ತದೆ, ತುಟಿಯಿಂದ ಬೇಗ ಜಾರುವುದಿಲ್ಲ. ಊರಲ್ಲಿ ಬೀಜ ಹುರಿದು, ಕುದಿಸಿ ತೆಗೆದ ಹರಳೆಣ್ಣೆಗೆ ವಾಸನೆ ಜಾಸ್ತಿ, ಬಣ್ಣವೂ ಕಪ್ಪು. ತಲೆಗೆ ಹಚ್ಚಲು ಅದೇ ಸರಿ, ತುಟಿಗೆ ತಿಳಿಯಾದ, ಗಾಣದ ತಣ್ಣನೆಯ ಎಣ್ಣೆ ಬೇಕು. ಹರಳೆಣ್ಣೆಗೆ ಪೆಟ್ರೋಲಿಯಂ ಜೆಲ್ಲಿ, ಬೇಬಿ ಆಯಿಲ್, ಪ್ಯಾರಫಿನ್ ಮೇಣ ಸೇರಿಸಬಾರದು. ಇವೆಲ್ಲ ಖನಿಜ ತೈಲದ ಬಳಗ, ಅದಕ್ಕೂ ಹರಳೆಣ್ಣೆಗೂ ಕೂಡಿಬರುವುದಿಲ್ಲ, ಆರಿದ ಮೇಲೆ ಬೇರೆಯಾಗುತ್ತವೆ. ಸಂತೆಯಲ್ಲಿ ಕೊಂಡ ಜೇನುಮೇಣ ಕೈ ಕೊಡುವುದೂ ಬಹಳ ಸಲ ಇದೇ ಕಾರಣಕ್ಕೆ, ಅದರಲ್ಲಿ ಪ್ಯಾರಫಿನ್ ಬೆರೆತಿರುತ್ತದೆ.

ಬಣ್ಣದ ಎಣ್ಣೆಯನ್ನು ಲಿಪ್‌ಸ್ಟಿಕ್ ಮಾಡುವ ಮುಂಚಿನ ದಿನವೇ ಸಿದ್ಧ ಮಾಡಿಟ್ಟುಕೊಳ್ಳಬೇಕು. 100 ಮಿಲಿ ಹರಳೆಣ್ಣೆಗೆ 10 ಗ್ರಾಂ ರತನ್‌ಜೋತ್. ಬೇರನ್ನು ಪುಡಿ ಮಾಡುವುದು ಬೇಡ, ಕೈಯಲ್ಲೇ ಚೂರು ಮಾಡಿದರೆ ಸಾಕು. ಬಣ್ಣ ಇರುವುದು ಹೊರಗಿನ ಸಿಪ್ಪೆಯಲ್ಲಿ, ನುಣ್ಣನೆ ಪುಡಿ ಮಾಡಿದರೆ ಸೋಸುವಾಗ ಬಟ್ಟೆ ಕಟ್ಟಿಕೊಳ್ಳುತ್ತದೆ. ಗಾಜಿನ ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಎಣ್ಣೆಯನ್ನು 60ರಿಂದ 70 ಡಿಗ್ರಿಯಲ್ಲಿ ಎರಡು ಗಂಟೆ ಬಿಡುತ್ತೇನೆ. ಅವಸರವಿಲ್ಲದವರು ಬೆಚ್ಚಗಿನ, ಬೆಳಕು ಬೀಳದ ಜಾಗದಲ್ಲಿ ಎರಡು ಮೂರು ವಾರ ಇಡಬಹುದು. ಬಿಸಿ ಇರುವಾಗಲೇ ಮಸ್ಲಿನ್ ಬಟ್ಟೆಯಲ್ಲಿ ಸೋಸಬೇಕು. ತಣ್ಣಗಾದ ಹರಳೆಣ್ಣೆ ಬಟ್ಟೆಯಿಂದ ಇಳಿಯುವುದೇ ಇಲ್ಲ. ಬಿಳಿ ತಟ್ಟೆಯ ಮೇಲೆ ಒಂದು ಹನಿ ಹಾಕಿ ತೆಳುವಾಗಿ ಎಳೆದು ನೋಡಿದರೆ ಸ್ವಚ್ಛ ಕೆಂಪು ಕಾಣಬೇಕು. ನೇರಳೆಯೋ ನೀಲಿಯೋ ಕಂಡರೆ ಪಾತ್ರೆಗೆ ಸೋಪು ಅಥವಾ ಸೋಡಾ ಅಂಟಿದೆ ಅಂತ ಲೆಕ್ಕ: ರತನ್‌ಜೋತ್‌ನ ಬಣ್ಣ, ಅಂದರೆ ಆಲ್ಕನಿನ್, ಹುಳಿಯಲ್ಲಿ ಕೆಂಪಾಗಿರುತ್ತದೆ, ಕ್ಷಾರ ತಗುಲಿದರೆ ನೀಲಿಯ ಕಡೆ ವಾಲುತ್ತದೆ. ರಂಗಮಾಲೆಯಾದರೆ ಒಂದು ಭಾಗ ಬೀಜಕ್ಕೆ ನಾಲ್ಕು ಭಾಗ ಎಣ್ಣೆ. ಬಣ್ಣ ಬೇಗ ಬಿಡುತ್ತದೆ, ಅತಿಯಾಗಿ ಕಾಯಿಸಿದರೆ ಕಂದಾಗುತ್ತದೆ.

ರತನ್‌ಜೋತ್ ಗಿಡಮೂಲದ್ದು ಎಂಬ ಒಂದೇ ಕಾರಣಕ್ಕೆ ಕಣ್ಣು ಮುಚ್ಚಿ ನಂಬುವ ವಸ್ತುವಲ್ಲ. ಈ ಜಾತಿಯ ಬೇರುಗಳಲ್ಲಿ ಯಕೃತ್ತಿಗೆ ಕೆಡುಕು ಮಾಡುವ ಪೈರೊಲಿಜಿಡಿನ್ ಆಲ್ಕಲಾಯ್ಡ್‌ಗಳಿವೆ. ಲಿಪ್‌ಸ್ಟಿಕ್ ಅಂದರೆ ಸ್ವಲ್ಪ ಹೊಟ್ಟೆಗೂ ಹೋಗುವಂಥದ್ದು. ಗರ್ಭಿಣಿಯರಿಗೆ, ಹಾಲೂಡಿಸುವವರಿಗೆ, ಮಕ್ಕಳಿಗೆ ನಾನು ಇದನ್ನು ಕೊಡುವುದಿಲ್ಲ. ಅವರಿಗೆ ರಂಗಮಾಲೆ ಸಾಕು.

ಇನ್ನು ಒಂದು ಸತ್ಯ. ಗಿಡದ ಬಣ್ಣ ಎಷ್ಟೇ ಗಾಢವಾಗಿ ಇಳಿಸಿದರೂ ತುಟಿಯ ಮೇಲೆ ಅದು ತೆಳು ಛಾಯೆ ಅಷ್ಟೆ. ಅಂಗಡಿ ಲಿಪ್‌ಸ್ಟಿಕ್‌ನ ಹಾಗೆ ತುಟಿಯನ್ನು ಮುಚ್ಚುವ ಬಣ್ಣ ಬೇಕಾದರೆ ಎಣ್ಣೆಯಲ್ಲಿ ಕರಗದ, ಆದರೆ ಅದರಲ್ಲಿ ನುಣ್ಣಗೆ ಹರಡಿಕೊಳ್ಳುವ ಪುಡಿ ಬೇಕು. ಅದಕ್ಕೆ ನಾನು ಬಳಸುವುದು ಕಾಸ್ಮೆಟಿಕ್ ದರ್ಜೆಯ ಐರನ್ ಆಕ್ಸೈಡ್, ಪೊಟ್ಟಣದ ಮೇಲೆ ಸಿಐ 77491 ಅಂತ ಬಣ್ಣದ ಗುರುತಿನ ಸಂಖ್ಯೆ ಇರುತ್ತದೆ. ಇದು ಕಾರ್ಖಾನೆಯಲ್ಲಿ ತಯಾರಾದದ್ದು ಎಂದು ಮೂಗು ಮುರಿಯುವವರಿದ್ದಾರೆ. ಕೆಮ್ಮಣ್ಣಿನ ಕೆಂಪೂ ಇದೇ ವಸ್ತು. ವ್ಯತ್ಯಾಸ ಏನೆಂದರೆ ನೆಲದಿಂದ ಅಗೆದ ಮಣ್ಣಿನಲ್ಲಿ ಸೀಸ, ಆರ್ಸೆನಿಕ್ ಎಷ್ಟಿದೆ ಅಂತ ಮನೆಯಲ್ಲಿ ಕೂತು ಅಳೆಯಲಾಗುವುದಿಲ್ಲ. ಹಾಗಾಗಿ ಕಾವಿ, ಕೆಮ್ಮಣ್ಣು ತುಟಿಗೆ ಬೇಡ. ಕುಂಕುಮ ಅಂತೂ ಬೇಡವೇ ಬೇಡ. ಅರಿಸಿನಕ್ಕೆ ಕ್ಷಾರ ಕೂಡಿಸಿ ಮನೆಯಲ್ಲಿ ಮಾಡಿದ ಕುಂಕುಮವೂ ಹುಳಿ ತಾಗಿದರೆ ಮತ್ತೆ ಹಳದಿಯಾಗುತ್ತದೆ, ಪೇಟೆಯ ಅಗ್ಗದ ಕುಂಕುಮದಲ್ಲಿ ಏನಿದೆ ಎಂದು ಮಾರುವವನಿಗೂ ಗೊತ್ತಿರುವುದಿಲ್ಲ. ಸಿಂಧೂರದಲ್ಲಿ ಸೀಸದ ಆಕ್ಸೈಡ್ ಇರಬಹುದು, ಅದು ವಿಷ. ಕಾರ್ಮೈನ್ ಎಂಬ ಒಳ್ಳೆಯ ಕೆಂಪೂ ಇದೆ, ಆದರೆ ಅದು ಕೊಚಿನೀಲ್ ಎಂಬ ಕೀಟದಿಂದ ಬರುವುದು. ಸಸ್ಯಾಹಾರಿಗಳಿಗೆ ಕೊಡುವ ಮುಂಚೆ ಹೇಳಬೇಕು.

ಈಗ ಅಳತೆ. ಒಂದು ಸಲಕ್ಕೆ 20 ಗ್ರಾಂ ಮಾಡುತ್ತೇನೆ. ಜೇನುಮೇಣ 4 ಗ್ರಾಂ, ಕಾರ್ನೌಬಾ ಮೇಣ 1 ಗ್ರಾಂ, ಮುರುಗಲು ತುಪ್ಪ 3 ಗ್ರಾಂ, ರತನ್‌ಜೋತ್ ಇಳಿಸಿದ ಹರಳೆಣ್ಣೆ 5.9 ಗ್ರಾಂ, ಬಣ್ಣ ಅರೆಯಲು ಸಾದಾ ಹರಳೆಣ್ಣೆ 4 ಗ್ರಾಂ, ಕೆಂಪು ಐರನ್ ಆಕ್ಸೈಡ್ 2 ಗ್ರಾಂ, ಎಣ್ಣೆ ಕಮಟಾಗದಂತೆ ತಡೆಯುವ ಟೊಕೊಫೆರಾಲ್ (ವಿಟಮಿನ್ ಇ) 0.1 ಗ್ರಾಂ. ನಾಲ್ಕು ಗ್ರಾಮಿನ ಐದು ಕಡ್ಡಿ ಆಗಬೇಕು, ಪಾತ್ರೆಗೆ ಅಂಟಿದ್ದು ಕಳೆದು ನಾಲ್ಕು ಆಗುತ್ತವೆ. ಐರನ್ ಆಕ್ಸೈಡ್ ಬೇಡವೆಂದರೆ ಆ 2 ಗ್ರಾಮನ್ನೂ ಸಾದಾ ಎಣ್ಣೆಯ 4 ಗ್ರಾಮನ್ನೂ ಬಣ್ಣದ ಎಣ್ಣೆಯಿಂದಲೇ ತುಂಬಿ. ಪುಡಿ ಇಲ್ಲದಾಗ ಕಡ್ಡಿ ಮೆತ್ತಗಾಗುತ್ತದೆ, ಅರ್ಧ ಗ್ರಾಂ ಎಣ್ಣೆ ತೆಗೆದು ಅಷ್ಟು ಜೇನುಮೇಣ ಹೆಚ್ಚಿಸಬೇಕು.

ಚಮಚದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ತುರಿದ ಮೇಣ ಒಂದು ಚಮಚ ಅಂದರೆ ಒತ್ತಿ ತುಂಬಿದರೆ ಒಂದು ತೂಕ, ಸಡಿಲವಾಗಿದ್ದರೆ ಅದರ ಅರ್ಧ. ಒಂದು ಗ್ರಾಂ ಮೇಣ ಆಚೀಚೆಯಾದರೂ ಕಡ್ಡಿಯ ಗುಣ ಬದಲಾಗುತ್ತದೆ. 0.01 ಗ್ರಾಂ ತೋರಿಸುವ ಸಣ್ಣ ಪಾಕೆಟ್ ತಕ್ಕಡಿ ಆನ್‌ಲೈನ್‌ನಲ್ಲಿ ಸಿಗುತ್ತದೆ, ಮೊದಲು ಕೊಳ್ಳಬೇಕಾದ್ದು ಅದು.

ಮುರುಗಲು ತುಪ್ಪದ ಬಗ್ಗೆ ಎರಡು ಮಾತು. ಉತ್ತರ ಕನ್ನಡ, ದಕ್ಷಿಣ ಕನ್ನಡದ ಕಡೆ ಒಡೆದ ಹಿಮ್ಮಡಿಗೆ ಹಚ್ಚುವ, ಮುರುಗಲು ಬೀಜ ಕುಟ್ಟಿ ಕುದಿಸಿ ತೆಗೆಯುವ ಆ ಬಿಳಿ ಗಟ್ಟಿ ತುಪ್ಪವೇ ಇದು. ಪುನರ್ಪುಳಿ ಅಂದರೂ ಅದೇ ಹಣ್ಣು. ಅದು ಕರಗುವುದು ಸುಮಾರು 40 ಡಿಗ್ರಿಯಲ್ಲಿ, ಕೋಕೋ ಬೆಣ್ಣೆಗಿಂತ ಸ್ವಲ್ಪ ಮೇಲೆ. ನಮ್ಮ ಬೇಸಿಗೆಗೆ ಆ ನಾಲ್ಕೈದು ಡಿಗ್ರಿಯೇ ದೊಡ್ಡದು. ಶಿಯಾ ಬೆಣ್ಣೆಯನ್ನು ದುಡ್ಡು ಕೊಟ್ಟು ಆಫ್ರಿಕಾದಿಂದ ತರಿಸುವ ಅಗತ್ಯ ನನಗೆ ಕಂಡಿಲ್ಲ. ಮನೆಯಲ್ಲಿ ತೆಗೆದ ತುಪ್ಪದಲ್ಲಿ ನೀರಿನ ಅಂಶ ಉಳಿದಿರುತ್ತದೆ. ಕರಗಿಸಿ, ಗುಳ್ಳೆ ಏಳುವುದು ನಿಲ್ಲುವ ತನಕ ಸಣ್ಣ ಉರಿಯಲ್ಲಿ ಬಿಟ್ಟು ಬಟ್ಟೆಯಲ್ಲಿ ಸೋಸಿಕೊಳ್ಳಿ.

ಜೇನುಮೇಣವನ್ನು ಕೊಡಗಿನದೋ ಶಿರಸಿ ಕಡೆಯದೋ ಜೇನು ಸಾಕುವವರಿಂದಲೇ ತಂದರೆ ಒಳ್ಳೆಯದು. ಕಚ್ಚಾ ಮೇಣವಾದರೆ ನೀರಿನಲ್ಲಿ ಹಾಕಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಅಲುಗಿಸದೆ ಆರಲು ಬಿಟ್ಟರೆ ಮೇಲೆ ಹಲ್ಲೆಯಾಗಿ ಕಟ್ಟುತ್ತದೆ. ಹಲ್ಲೆಯ ತಳದ ಕೊಳೆಯನ್ನು ಚಾಕುವಿನಿಂದ ಕೆರೆದು ತೆಗೆದು, ಎರಡು ದಿನ ಒಣಗಿಸಿ, ಆಮೇಲೆ ತುರಿಯುವುದು. ಅದು ಕರಗುವುದು 62ರಿಂದ 65 ಡಿಗ್ರಿಯಲ್ಲಿ. ಕಾರ್ನೌಬಾ ಬ್ರೆಜಿಲ್‌ನ ಒಂದು ತಾಳೆ ಜಾತಿಯ ಎಲೆಯ ಮೇಣ, 82ರಿಂದ 86 ಡಿಗ್ರಿ. ಕಡ್ಡಿಗೆ ಬೆನ್ನುಮೂಳೆ ಅದೇ. ಅತಿಯಾದರೆ ತುಟಿಗೆ ಎಳೆದಾಗ ಪುಡಿಪುಡಿಯಾಗಿ ಉದುರುತ್ತದೆ, ಆದ್ದರಿಂದ ನೂರಕ್ಕೆ ಐದನ್ನು ದಾಟುವುದಿಲ್ಲ.

ಮೊದಲು ಬಣ್ಣ ಅರೆಯುವುದು. ಇಡೀ ಕೆಲಸದಲ್ಲಿ ಹೆಚ್ಚು ತಾಳ್ಮೆ ಬೇಡುವುದು ಇಲ್ಲೇ. ದಪ್ಪ ಗಾಜಿನ ತುಂಡಿನ ಮೇಲೆ 2 ಗ್ರಾಂ ಪುಡಿ, 4 ಗ್ರಾಂ ಹರಳೆಣ್ಣೆಯಲ್ಲಿ ಮೊದಲು ಅರ್ಧ ಮಾತ್ರ ಹಾಕಿ, ಬಾಗುವ ಸ್ಟೀಲ್ ಅಲಗಿನಿಂದ ಒತ್ತಿ ಒತ್ತಿ ತಿಕ್ಕಬೇಕು. ಮೊದಲು ಅದು ಒಣಒಣವಾಗಿ ಗಂಟುಗಂಟಾಗಿರುತ್ತದೆ. ಆ ಗಟ್ಟಿತನದಲ್ಲೇ ಗಂಟು ಒಡೆಯುವುದು, ಎಣ್ಣೆಯನ್ನೆಲ್ಲ ಒಮ್ಮೆಗೇ ಸುರಿದರೆ ಗಂಟುಗಳು ತೇಲಿಕೊಂಡು ತಪ್ಪಿಸಿಕೊಳ್ಳುತ್ತವೆ. ಹತ್ತು ಹದಿನೈದು ನಿಮಿಷ ತಿಕ್ಕಿದ ಮೇಲೆ ಉಳಿದ ಎಣ್ಣೆ. ಅಲಗಿನಿಂದ ತೆಳುವಾಗಿ ಎಳೆದು ಬೆಳಕಿಗೆ ಹಿಡಿದಾಗ ಕಪ್ಪು ಚುಕ್ಕಿ, ಗೀರು ಕಾಣಬಾರದು. ಹಿಂಗೈ ಮೇಲೆ ಸವರಿದರೆ ತರಿ ಹತ್ತಬಾರದು. ಪುಡಿಯನ್ನು ಸೀದಾ ಬಿಸಿ ಮೇಣಕ್ಕೆ ಸುರಿಯುವವರ ಲಿಪ್‌ಸ್ಟಿಕ್‌ನಲ್ಲಿ ಪಟ್ಟೆಪಟ್ಟೆ ಬರುವುದು, ಬಣ್ಣವೆಲ್ಲ ತುದಿಯಲ್ಲಿ ಇಳಿದು ಕೂರುವುದು ಈ ಹಂತ ಬಿಟ್ಟಿದ್ದರಿಂದ.

ಆಮೇಲೆ ಕರಗಿಸುವುದು. ಕುದಿನೀರಿನ ಪಾತ್ರೆಯೊಳಗೆ ಸಣ್ಣ ಗಾಜಿನ ಬೀಕರ್. ಪಾತ್ರೆ, ಚಮಚ, ಅಚ್ಚು ಯಾವುದರಲ್ಲೂ ನೀರಿನ ಪಸೆ ಇರಬಾರದು. ಎರಡೂ ಮೇಣ ಒಟ್ಟಿಗೆ ಹಾಕಿ. ಬೆಂಗಳೂರಿನ ಎತ್ತರದಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಗೆ, ಬೀಕರ್ ಒಳಗೆ ಅದಕ್ಕಿಂತ ಕಡಿಮೆ. ಕಾರ್ನೌಬಾ ಒಂದನ್ನೇ ಇಟ್ಟರೆ ಬಹಳ ಹೊತ್ತು ತೆಗೆದುಕೊಳ್ಳುತ್ತದೆ, ಕರಗಿದ ಜೇನುಮೇಣದಲ್ಲಿ ಬೇಗ ಇಳಿಯುತ್ತದೆ. ತಿಳಿಯಾದ ಮೇಲೆ ಮುರುಗಲು ತುಪ್ಪ, ಬಣ್ಣದ ಎಣ್ಣೆ, ಕಡೆಗೆ ಅರೆದ ಬಣ್ಣ. ತಣ್ಣನೆ ಎಣ್ಣೆ ಬಿದ್ದಾಗ ಮೇಣ ಒಮ್ಮೆ ಗಟ್ಟಿಯಾಗುವುದು ಸಹಜ, ಮತ್ತೆ ಕರಗುತ್ತದೆ. ಕಲಕುವುದು ನಿಧಾನ, ತಳ ಮುಟ್ಟಿ. ರಭಸಕ್ಕೆ ಗಾಳಿ ಸೇರಿದರೆ ಕಡ್ಡಿಯ ಮೈಮೇಲೆ ಸೂಜಿ ಚುಚ್ಚಿದಂಥ ತೂತು. ಟೊಕೊಫೆರಾಲ್ ಅನ್ನು ಒಲೆ ಆರಿಸಿದ ಮೇಲೆ ಹಾಕುವುದು. ಔಷಧಿ ಅಂಗಡಿಯ ವಿಟಮಿನ್ ಇ ಕ್ಯಾಪ್ಸೂಲಿನಲ್ಲಿ ಸಾಮಾನ್ಯವಾಗಿ ಇರುವುದು ಟೊಕೊಫೆರಿಲ್ ಅಸಿಟೇಟ್. ಅದು ಎಣ್ಣೆ ಕಮಟಾಗುವುದನ್ನು ತಡೆಯುವುದಿಲ್ಲ.

ಅಚ್ಚಿಗೆ ಹೊಯ್ಯುವ ಮುಂಚೆ ಫ್ರೀಜರಿನಲ್ಲಿಟ್ಟ ಸ್ಟೀಲ್ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು ನೋಡಿ. ಉಗುರಿನಲ್ಲಿ ಒತ್ತಿದರೆ ಗುರುತು ಬೀಳಬೇಕು, ಅಂಟಬಾರದು. ಬಣ್ಣವನ್ನೂ ಆ ಹನಿಯಿಂದಲೇ ತೀರ್ಮಾನಿಸುವುದು, ಬೀಕರಿನಲ್ಲಿ ಎಲ್ಲವೂ ಕಪ್ಪಾಗಿಯೇ ಕಾಣುತ್ತದೆ. ಬೆರಕೆ ಮೆತ್ತಗಾದರೆ ಕಾಲು ಗ್ರಾಂ ಜೇನುಮೇಣ, ಗಟ್ಟಿಯಾದರೆ ಅರ್ಧ ಗ್ರಾಂ ಹರಳೆಣ್ಣೆ. ರಾಯಚೂರು, ಕಲಬುರಗಿಯ ಏಪ್ರಿಲ್‌ಗೆ ಮಾಡುವುದಾದರೆ ಜೇನುಮೇಣ 4.6 ಗ್ರಾಂ ಮಾಡಿ ಮುರುಗಲು ತುಪ್ಪ ಅಷ್ಟು ಇಳಿಸುತ್ತೇನೆ. ಮಲೆನಾಡಿನ ಮಳೆಗಾಲಕ್ಕೆ ಜೇನುಮೇಣ 3.6 ಗ್ರಾಂ ಸಾಕು, ಕಡಿಮೆಯಾದ 0.4 ಗ್ರಾಮಿಗೆ ಎಣ್ಣೆ.

12.1 ಮಿಮೀ ವ್ಯಾಸದ ಅಚ್ಚು ಬೇಕು, ಸಾಮಾನ್ಯ ಖಾಲಿ ಟ್ಯೂಬುಗಳಿಗೆ ಹೊಂದುವುದು ಅದು. ಅಚ್ಚನ್ನು 40 ಡಿಗ್ರಿಯಷ್ಟು ಬೆಚ್ಚಗೆ ಮಾಡಿ, 75ರಿಂದ 80 ಡಿಗ್ರಿಯಲ್ಲಿರುವ ಬೆರಕೆಯನ್ನು ಅಚ್ಚು ಸ್ವಲ್ಪ ವಾಲಿಸಿ, ನಿಲ್ಲಿಸದೆ ಒಂದೇ ಧಾರೆಯಲ್ಲಿ ಹೊಯ್ಯಬೇಕು. ತಣ್ಣನೆ ಅಚ್ಚಿಗೆ ಹೊಯ್ದರೆ ಮೈಮೇಲೆ ಅಡ್ಡ ಗೆರೆಗಳು ಬೀಳುತ್ತವೆ. ಬಾಯಿ ಮಟ್ಟಕ್ಕಿಂತ ತುಸು ಹೆಚ್ಚೇ ತುಂಬಿ: ಆರುವಾಗ ಮೇಣ ಕುಗ್ಗಿ ನಡುವೆ ಕುಳಿ ಬೀಳುತ್ತದೆ, ಕುಳಿ ಆಳವಾದರೆ ಟ್ಯೂಬಿನ ಬುಡದಲ್ಲಿ ಕಡ್ಡಿ ಮುರಿಯುತ್ತದೆ. ಹೊರಗೆ ಐದು ನಿಮಿಷ, ಆಮೇಲೆ ಫ್ರೀಜರಿನಲ್ಲಿ ಹದಿನೈದು ನಿಮಿಷ. ಬೇಗ ತಣಿದರೆ ಮುರುಗಲು ತುಪ್ಪ ದೊಡ್ಡ ಹರಳು ಕಟ್ಟುವುದಿಲ್ಲ. ಹೊರಗೇ ಗಂಟೆಗಟ್ಟಲೆ ಬಿಟ್ಟರೆ ಸಣ್ಣ ರವೆ ರವೆ ಆಗುತ್ತದೆ, ಮತ್ತೆ ಪೂರ್ತಿ ಕರಗಿಸುವುದೇ ಪರಿಹಾರ. ಅಚ್ಚಿನಿಂದ ತೆಗೆದು ಟ್ಯೂಬಿಗೆ ಕೂರಿಸಿದ ಮೇಲೆ ಸಿಗರೇಟ್ ಲೈಟರಿನ ಜ್ವಾಲೆಯನ್ನು ಕ್ಷಣ ಮಾತ್ರ ಹಾಯಿಸಿದರೆ ಮೇಲ್ಮೈ ಹೊಳಪಾಗುತ್ತದೆ.

ಒಂದೆರಡು ವಾರದಲ್ಲಿ ಕಡ್ಡಿಯ ಮೈಮೇಲೆ ಎಣ್ಣೆಯ ಸಣ್ಣ ಹನಿಗಳು ಮೂಡಿದರೆ ಅದು ಬೆವರಿದ ಲಿಪ್‌ಸ್ಟಿಕ್. ಮೇಣಕ್ಕೆ ಹಿಡಿದಿಡಲಾಗದಷ್ಟು ಎಣ್ಣೆ ಇದೆ, ಇಲ್ಲವೇ ಕಾರಿನಲ್ಲೋ ಬ್ಯಾಗಿನಲ್ಲೋ ಕಾದು ಆರಿ ಕಾದು ಆರಿ ಹಾಗಾಗಿದೆ. ಒರೆಸಿ ಬಳಸಬಹುದು, ಮುಂದಿನ ಸಲ ಜೇನುಮೇಣ ಅರ್ಧ ಗ್ರಾಂ ಹೆಚ್ಚಿಸಿ. ನೀರಿಲ್ಲದ್ದರಿಂದ ಇದಕ್ಕೆ ಪ್ರಿಸರ್ವೇಟಿವ್ ಬೇಡ, ಆರು ತಿಂಗಳು ಇರುತ್ತದೆ. ಕಮಟು ವಾಸನೆ ಬಂದರೆ ಎಸೆಯುವುದು. ಹೊಸಬರು ತುಟಿಗೆ ಹಚ್ಚುವ ಮುಂಚೆ ಮೊಣಕೈ ಒಳಭಾಗದಲ್ಲಿ ಹಚ್ಚಿ ಒಂದು ದಿನ ನೋಡಿಕೊಳ್ಳಬೇಕು. ಹರಳೆಣ್ಣೆಗೆ, ಜೇನುಮೇಣಕ್ಕೆ ಅಲರ್ಜಿ ಇರುವವರು ಇದ್ದಾರೆ. ಮನೆಮಂದಿಗೆ ಕೊಡುವವರೆಗೆ ಸರಿ, ಮಾರಾಟಕ್ಕೆ ಇಳಿಯುವುದಾದರೆ ಕಾಸ್ಮೆಟಿಕ್ಸ್ ನಿಯಮಗಳು 2020ರ ಪ್ರಕಾರ ತಯಾರಿಕಾ ಪರವಾನಗಿ ಬೇಕು.

ಬೀಕರನ್ನು ಸೀದಾ ಸಿಂಕಿನಲ್ಲಿ ತೊಳೆಯಬೇಡಿ, ಮೇಣ ಪೈಪಿನಲ್ಲಿ ಗಟ್ಟಿಯಾಗಿ ಕೂರುತ್ತದೆ. ಬಿಸಿ ಇರುವಾಗಲೇ ಹಳೆಯ ಕಾಗದದಿಂದ ಒರೆಸಿ, ಒಂದು ಚಮಚ ಕಡಲೆಹಿಟ್ಟು ಹಾಕಿ ಉಜ್ಜಿ, ಆ ಹಿಟ್ಟನ್ನು ಕಸಕ್ಕೆ ಹಾಕಿದ ಮೇಲೆ ಸೋಪು. ರತನ್‌ಜೋತ್ ಇಳಿಸುವ ಬಾಟಲಿಯನ್ನು ಮಾತ್ರ, ಸೋಪಿನ ಕ್ಷಾರ ಉಳಿಯದಂತೆ, ಕಡೆಗೊಮ್ಮೆ ಹುಣಸೆ ನೀರಿನಲ್ಲಿ ಜಾಲಿಸಿ, ಪೂರ್ತಿ ಒಣಗಿಸಿ ಎತ್ತಿಡುತ್ತೇನೆ.